ಸಿಲಿಂಡರ್ ಅಪ್ಪಿಕೊಂಡವನ ಗುಟ್ಟು

“ಇಪ್ಪತ್ನಾಲ್ಕು ತಾಸು ಸಾಕು. ದುಂಡಪ್ಪ ಆ ಸಿಲಿಂಡರ್ ಯಾಕ ಅಪ್ಗೊಂಡ ಅನ್ನೂದನ್ನ ಬಿಡಿಸಿ ಹೇಳಲಿಲ್ಲಂದ್ರ ನನ್ನ ಹೆಸರು ಉಸ್ಮಾನಸಾಬ ಅಲ್ಲ” ಎಂದು ವಾಟ್ಸಾಪ್ ಗುಂಪಿನಲ್ಲಿ ಗುಡುಗಿದ ಉಸ್ಮಾನಸಾಬರು, ಹತ್ತೇ ನಿಮಿಷದಲ್ಲಿ ತಮ್ಮ ಫೋನನ್ನು ಒಂದು ಕಿಲೋ ಖಾರದ ಜೊತೆ ಕಟ್ಟಿ ಮಾರಿಬಿಟ್ಟರು.

ಸವಣೂರಿನ ಪೇಟೆಯಲ್ಲಿ ಅವರದು ಕರಿದ ಖಾರದ ತಿಂಡಿಯ ಅಂಗಡಿ. ಎಡಗೈಯಲ್ಲಿ ಫೋನು, ಬಲಗೈ ಖಾರದ ರಾಶಿಯಲ್ಲಿ. ದೃಶ್ಯ ನಿಲ್ಲಿಸಿ, ಹಿಗ್ಗಿಸಿ, ದುಂಡಪ್ಪನ ಮೂಗಿನ ತುದಿಯವರೆಗೆ ತನಿಖೆ ಮಾಡುವ ಭರದಲ್ಲಿ ಫೋನು ರಾಶಿಯೊಳಗೆ ಜಾರಿತು. ಬಲಗೈ ಮಾತ್ರ ಮೂವತ್ತು ವರ್ಷದ ರೂಢಿಯಂತೆ ಬಾಚಿತು, ತೂಗಿತು, ಕಟ್ಟಿತು. ಗಿರಾಕಿ ದಾನವ್ವ ಚೀಲ ಹಿಡಿದು ಮನೆಗೆ ಹೋದಳು. ಅಲ್ಲಿ ಮಗಳ ಮದುವೆಯ ಮಾತಿಗೆಂದು ಹಿರಿಯರು ಬಂದು ಕುಳಿತಿದ್ದರು. ಖಾರದೊಳಗಿನ ಪುಟಾಣಿ ಕಾಳೊಂದು ಪರದೆಯ ಮೇಲೆ ಎಲ್ಲಿ ಒತ್ತಿತೋ ಏನೋ, ನಿಲ್ಲಿಸಿದ್ದ ದೃಶ್ಯ ಮತ್ತೆ ಓಡಿ, ತಟ್ಟೆಗೆ ಸುರಿಯುವ ಮೊದಲೇ ಚೀಲ ಬಾಯಿ ಬಿಟ್ಟಿತು: “ಏ ಮೂಳಾ, ನಿನಗ ಬುದ್ಧಿ ಎಂದ ಬರತೈತಿ?”

ಹಿರಿಯರು ಚಹಾ ಕೂಡ ಮುಟ್ಟದೆ ಎದ್ದರಂತೆ. ಅವರನ್ನು ಮತ್ತೆ ಕೂರಿಸಲು ದಾನವ್ವನಿಗೆ ಅರ್ಧ ತಾಸು ಬೇಕಾಯಿತು. ಆಮೇಲೆ ಅವಳು ಅಂಗಡಿಗೆ ಬಂದು, ಫೋನನ್ನೂ ಖಾರವನ್ನೂ ಉಸ್ಮಾನಸಾಬರ ಮುಂದೆ ಕುಕ್ಕಿ, “ನಿಮ್ಮ ಖಾರ ಹಿರೇರಿಗೆ ಬೈತೈತ್ರಿ. ಬೈಲಾರದ್ದು ಇದ್ರ ಕೊಡ್ರಿ” ಎಂದಳು.

ಇಷ್ಟಕ್ಕೆಲ್ಲ ಕಾರಣ ‘ಚಾ ಆರಾಕತ್ತೈತಿ’ ಎಂಬ ಹಾಸ್ಯ ಧಾರಾವಾಹಿ. ವಾರಕ್ಕೊಮ್ಮೆ ಯೂಟ್ಯೂಬಿನಲ್ಲಿ ಬರುತ್ತದೆ. ಅದರ ನಾಯಕ ದುಂಡಪ್ಪ ಪ್ರತಿ ಕಂತಿನಲ್ಲೂ ಒಂದು ವಿಚಿತ್ರ ಕೆಲಸ ಮಾಡುತ್ತಾನೆ. ಅದು ಯಾವ ಹಳೆಯ ನಾಟಕದಿಂದ ಎತ್ತಿದ್ದು, ಯಾವ ಮರೆತ ಜಾಹೀರಾತಿನ ನೆನಪು ಎಂದು ಹುಡುಕಿ ತೆಗೆಯಲು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕಿನ ಅಭಿಮಾನಿಗಳು ಗುಂಪು ಕಟ್ಟಿಕೊಂಡಿದ್ದರು. ದುಂಡಪ್ಪ ಸೀನಿದರೂ ಅದಕ್ಕೊಂದು ಆಕರ ಬೇಕು. ಈ ಶೋಧಕರಲ್ಲಿ ಉಸ್ಮಾನಸಾಬರು ಚಕ್ರವರ್ತಿ. ಅವರ ಸಿಂಹಾಸನದ ಕಾಲು ಕೊಯ್ಯುತ್ತ ಕುಳಿತವರು ಹಿರೇಕೆರೂರಿನ ನಿವೃತ್ತ ಡ್ರಾಯಿಂಗ್ ಮಾಸ್ತರ ಕರಿಬಸಪ್ಪ.

ಈ ಸಲದ ಕಂತಿನಲ್ಲಿ ದುಂಡಪ್ಪ, ಗ್ಯಾಸ್ ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನು ಅಪ್ಪಿಕೊಂಡು ತೂಕದ ಕಾಟಾ ಏರಿದ್ದ. ಇದು ಹಳೆಯ ರೇಡಿಯೋ ಜಾಹೀರಾತಿನ ನಕಲು ಎಂದರು ಕರಿಬಸಪ್ಪ. ಟೀವಿಯಲ್ಲಿ ಬರುತ್ತಿದ್ದ ವಿದೇಶಿ ಕುಸ್ತಿಯದು ಎಂದಳು ಶಿಗ್ಗಾಂವಿಯ ಸವಿತಾ. ಉಸ್ಮಾನಸಾಬರಿಗೆ ಮೈಯೆಲ್ಲ ಉರಿಯಿತು. ತಾವು ಹುಡುಗರಿದ್ದಾಗ ಹಾನಗಲ್ಲಿನಲ್ಲಿ ಟೆಂಟ್ ಹಾಕಿದ್ದ ನಾಟಕ ಕಂಪನಿಯೊಂದರ ಹಾಸ್ಯಗಾರ ಎಣ್ಣೆಯ ಡ್ರಮ್ಮು ಅಪ್ಪಿಕೊಂಡು ಹೀಗೆಯೇ ಕಾಟಾ ಏರಿದ್ದನ್ನು ಕಣ್ಣಾರೆ ಕಂಡದ್ದಾಗಿ ಅವರು ಹೇಳಿದರು. ಸಾಕ್ಷಿ ಕೇಳಿದ ಕರಿಬಸಪ್ಪನವರಿಗೆ ಸಿಕ್ಕ ಉತ್ತರ ಮಾತ್ರ ಬೆಂಕಿ: “ಮಾಸ್ತರ, ಸ್ವಲ್ಪ ವಿಚಾರ ಮಾಡ್ರಿ. ಇಂಥಾ ಪೆದ್ದ ನಾಟಕದಾಗ ಇರಬೇಕ ಹೊರತು ಖರೇ ಜೀವನದಾಗ ಹುಟ್ಟೂದ ಸಾಧ್ಯ ಇಲ್ಲ.”

ಎರಡು ದಿನ ಗುಂಪಿನಲ್ಲಿ ಮಹಾಯುದ್ಧ ನಡೆಯಿತು. ಒಬ್ಬರ ಸಂದೇಶಕ್ಕೆ ಇನ್ನೊಬ್ಬರು ಸಿಟ್ಟಿನ ಕೆಂಪು ಮುಖ ಅಂಟಿಸಿದರು. ಇಬ್ಬರು ಗುಂಪು ಬಿಟ್ಟುಹೋದರು, ಅವರಲ್ಲೊಬ್ಬ ಏನಾಯಿತೆಂದು ಕೇಳಲು ಮತ್ತೆ ಬಂದ. ಕೊನೆಗೆ ಮತ ಹಾಕಿದಾಗ ಉಸ್ಮಾನಸಾಬರು ಹನ್ನೊಂದು ಮತಗಳಿಂದ ಗೆದ್ದರು. ಭಾನುವಾರ ಸವಣೂರಿನಲ್ಲೇ ಅಭಿಮಾನಿಗಳ ಸಭೆ, ಅವರಿಗೆ ಶಾಲು, ‘ಗುಟ್ಟು ಬಿಡಿಸುವ ಗುರು’ ಎಂಬ ಬಿರುದು! ಕರೆಯೋಲೆ ಶನಿವಾರ ಮುಂಜಾನೆ ಫೋನಿಗೆ ಬಂತು. ಅದರಲ್ಲಿ ಅತಿಥಿಯಾಗಿ ಬರುವ ಧಾರಾವಾಹಿಯ ಬರಹಗಾರನ ಚಿತ್ರವಿತ್ತು. ನೋಡಿದರೆ ಅವನು ಅವರ ಮನೆಯ ಮೇಲಿನ ಕೋಣೆಯಲ್ಲೇ ಬಾಡಿಗೆಗಿದ್ದ ತಡಸದ ಸಾಗರ. ಇಡೀ ದಿನ ಬಾಗಿಲು ಹಾಕಿಕೊಂಡು ಅವನು ಏನು ಟೈಪು ಮಾಡುತ್ತಾನೆಂದು ಉಸ್ಮಾನಸಾಬರು ಒಮ್ಮೆಯೂ ಕೇಳಿರಲಿಲ್ಲ.

ಹೆಮ್ಮೆಯಿಂದ ಬೀಗುತ್ತ ಅವರು ಚಿತ್ರವನ್ನು ಹೆಂಡತಿ ಮುಮ್ತಾಜಬೇಗಂಗೆ ತೋರಿಸಿದರು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕನ್ನಡದಲ್ಲಿ ಮಾತು ಶುರು ಮಾಡಿದಳು. ಉಸ್ಮಾನಸಾಬರು ಒಂದು ಹೆಜ್ಜೆ ಹಿಂದೆ ಸರಿದರು.

ಕಾರಣವಿದೆ. ಆ ಮನೆಯಲ್ಲಿ ಪ್ರೀತಿ, ಊಟ, ಜ್ವರ ಎಲ್ಲ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಉರ್ದುವಿನಲ್ಲಿ ಬೈದರೆ ಅರ್ಧ ಓಣಿಗೆ ತಿಳಿಯುವುದಿಲ್ಲ, ಸಾಕ್ಷಿಯಿಲ್ಲದ ಜಗಳ ಜಗಳವೇ ಅಲ್ಲ ಎಂಬುದು ಮುಮ್ತಾಜಬೇಗಂ ನಂಬಿಕೆ. ಓಣಿಗೆ ಸರಿಯಾಗಿ ಕೇಳಲೆಂದು ಆಕೆ ಮೇಲಿನ ಕೋಣೆಯ ಮೆಟ್ಟಿಲ ಬುಡದಲ್ಲಿ ನಿಂತೇ ಬೈಯುತ್ತಿದ್ದಳು.

“ಏನ್ರಿ, ಹೋದ ತಿಂಗಳ ಅಡಗಿಮನಿಯಿಂದ ಸಿಲಿಂಡರ್ ಹೊತ್ಗೊಂಡು ಹೋಗಿ ಅಂಗಡಿ ಕಾಟಾದ ಮ್ಯಾಲೆ ಅಪ್ಗೊಂಡು ನಿಂತವರು ಯಾರು? ಬರೇ ಸಿಲಿಂಡರ್ ಇಡ್ರಿ ಅಂತ ನಾ ಬಡಕೊಂಡೆ. ‘ನನ್ನ ತೂಕ ನನಗ ಗೊತ್ತೈತಿ, ಕಳದ್ರಾತು’ ಅಂದ್ರಿ.”

“ಆ ಮಾತು ದುಂಡಪ್ಪಂದು” ಎಂದರು ಉಸ್ಮಾನಸಾಬರು.

“ಮೊದಲ ನಿಮ್ಮದು. ಆಮ್ಯಾಲೆ ಅವಂದು.”

ಆಕೆ ಒಂದೊಂದೇ ಕಂತು ಬಿಚ್ಚಿದಳು. ಹುಲಗೂರ ದರ್ಗಾದಲ್ಲಿ ಕಳುವಾಗಬಾರದೆಂದು ಎಡಗಾಲಿನ ಚಪ್ಪಲಿಯನ್ನು ಒಂದು ಮೂಲೆಗೆ, ಬಲಗಾಲಿನದನ್ನು ಇನ್ನೊಂದು ಮೂಲೆಗೆ ಅಡಗಿಸಿಟ್ಟು, ಕಡೆಗೆ ಒಂದನ್ನು ಹುಡುಕಲಾಗದೆ ಒಂಟಿ ಚಪ್ಪಲಿಯಲ್ಲಿ ಬಸ್ಸು ಹತ್ತಿದವರು ಇವರೇ. ದುಂಡಪ್ಪನ ಮೂರನೇ ಕಂತು ಅದೇ. ಅದು ‘ಅರಮನೆಯ ಹಳೆಯ ಕಥೆಯೊಂದರ ವ್ಯಂಗ್ಯ’ ಎಂದು ಎರಡು ಪುಟದ ವಿವರಣೆ ಬರೆದವರೂ ಇವರೇ! ತಮ್ಮ ಮಾತಿಗೆ ತಾವೇ ಆಕರ ಹುಡುಕಿ, ಆ ಮಾತಾಡಿದವನನ್ನು ತಾವೇ ಪೆದ್ದನೆಂದು ಕರೆದು, ಅದಕ್ಕಾಗಿ ನಾಳೆ ಶಾಲು ಹೊದೆಯಲಿದ್ದರು.

ಉಸ್ಮಾನಸಾಬರ ಸಿಟ್ಟಿಗೆ ನಾಲ್ಕು ಮೆಟ್ಟಿಲು ಒಂದೇ ಹೆಜ್ಜೆಯಾಯಿತು. ಮೇಲೆ ಹೋದರೆ ಕೋಣೆಗೆ ಬೀಗ. ಸಾಗರ ತಡಸಕ್ಕೆ ಹೋಗಿದ್ದ, ನಾಳೆ ನೇರ ಸಭೆಗೇ ಬರುವವನಿದ್ದ. ಬೀಗಕ್ಕೇ ಒಂದಿಷ್ಟು ಬೈದು ಇಳಿದರು. ಸಭೆಗೆ ಹೋಗದಿದ್ದರೆ ಕರಿಬಸಪ್ಪ ಗೆದ್ದಂತೆ. ಹೋಗಿ ಬಾಯಿಬಿಟ್ಟರೆ ಊರ ತುಂಬ ತಾವೇ ದುಂಡಪ್ಪ. ಬಾಯಿ ಮುಚ್ಚಿಕೊಂಡು ಶಾಲು ಹೊದ್ದು ಬರುವುದೇ ಜಾಣತನ ಎಂದು ರಾತ್ರಿಯ ಊಟಕ್ಕೆ ಮೊದಲು ತೀರ್ಮಾನಿಸಿದರು.

ಭಾನುವಾರ ಸಭಾಂಗಣ ತುಂಬಿತ್ತು. ಶಾಲು ಬಂತು, ಹಾರ ಬಂತು. ವೇದಿಕೆಯ ಮೇಲೆ ಪಕ್ಕದಲ್ಲೇ ಕುಳಿತ ಸಾಗರ ಮಾತ್ರ ಉಸ್ಮಾನಸಾಬರ ಮುಖ ನೋಡದೆ ಸೀಲಿಂಗ್ ಫ್ಯಾನು ನೋಡುತ್ತಿದ್ದ. ಆಗ ಮುಂದಿನ ಸಾಲಿನಿಂದ ಕರಿಬಸಪ್ಪ ಎದ್ದರು. ಇದು ನಾಟಕದ್ದೋ, ರೇಡಿಯೋದ್ದೋ, ಬರೆದವರೇ ಖರೆ ಹೇಳಲಿ ಎಂದು ಪಟ್ಟು ಹಿಡಿದರು. ಸಾಗರ, ನಾಟಕದ್ದೇ ಇರಬೇಕು, ಗುರುಗಳು ಹೇಳಿದ ಮೇಲೆ ಮುಗಿಯಿತು ಎಂದ. ಮಾನ ಉಳಿಯಿತು. ಉಸ್ಮಾನಸಾಬರು ಶಾಲು ಸರಿಮಾಡಿಕೊಂಡರು.

ಕರಿಬಸಪ್ಪ ಕೂರಲಿಲ್ಲ. “ಎಲ್ಲೀದರ ಆಗಲಿ. ಅಂಥಾ ಹುಚ್ಚನ ಕೂಡ ಬಾಳೇವು ಮಾಡಿದ ಆ ಹೆಣ್ಮಗಳಿಗೆ ಈ ಶಾಲು ಹೊದಸಬೇಕಿತ್ತು ನೋಡ್ರಿ.”

ಸಭೆ ಚಪ್ಪಾಳೆ ತಟ್ಟಿತು. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೊನೆಯವರೆಗೆ ಚಪ್ಪಾಳೆ ತಟ್ಟಿದವಳು ಮುಮ್ತಾಜಬೇಗಂ.

ಅಷ್ಟೇ. ಹಿಂದಿನ ದಿನದಿಂದ ಮುಚ್ಚಿಟ್ಟಿದ್ದ ಕುದಿಯುವ ಎಣ್ಣೆಗೆ ನೀರು ಬಿದ್ದಂತಾಯಿತು. ಉಸ್ಮಾನಸಾಬರು ಶಾಲು ಕಿತ್ತು ಕುರ್ಚಿಗೆ ಎಸೆದು, ಮೈಕನ್ನು ಕಸಿದುಕೊಂಡರು.

“ಆ ಹುಚ್ಚ ನಾನ. ನಾಟಕ ಇಲ್ಲ, ರೇಡಿಯೋ ಇಲ್ಲ. ನಾನ ಅವ.”

ಎಲ್ಲೋ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಸಾಲು ಸಾಲಾಗಿ ಮುಂದಕ್ಕೆ ಬಂದು ಕರಿಬಸಪ್ಪನವರ ಹೊಟ್ಟೆಯಲ್ಲಿ ಕುಣಿಯತೊಡಗಿತು. ಉಸ್ಮಾನಸಾಬರು ಅತ್ತ ನೋಡಲಿಲ್ಲ. ಕೆಂಡದಂಥ ಕಣ್ಣುಗಳನ್ನು ಸಾಗರನ ಮೇಲೆ ಊರಿದರು.

“ನಮ್ಮ ಮನಿ ರೊಟ್ಟಿ ತಿಂದಿ, ನಮ್ಮ ಮನಿ ಜಗಳ ಕೇಳಿ ಬರದಿ. ಬರಕೋ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ ಮಾತು ಹೇಳು. ನನ್ನನ್ನ ಅಷ್ಟು ದಡ್ಡ ಯಾಕ ಮಾಡಿದಿ?”

ಸಾಗರ ಎದ್ದು ನಿಂತು, ಎರಡೂ ಕೈ ಜೋಡಿಸಿ, ಮೈಕು ಇನ್ನೂ ಹತ್ತಿರವೇ ಇದೆ ಎಂಬುದನ್ನು ಮರೆತು, ಮೆಲ್ಲಗೆ ಹೇಳಿದ:

“ಖರೇ ಹೇಳ್ತೇನ್ರಿ ಚಾಚಾ, ಮೊದಲ ನೀವು ಇದ್ದಂಗ ಬರದಿದ್ದೆ. ಮಂದಿ ನಂಬಂಗಿಲ್ಲ ಅಂತ ಡೈರೆಕ್ಟರ್ ವಾಪಸ್ ಕೊಟ್ರು. ಅದಕ್ಕ ಸ್ವಲ್ಪ ಶಾಣ್ಯಾ ಮಾಡೇನ್ರಿ.”