ನಲವತ್ತು ಕುದುರೆಗೆ ಮಲ್ಲಿಗೆಯ ಪರದೆ

ಈ ವಿಷಯ ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಕನ್ನಡಕ ಒರೆಸುವ ಕೆಲಸ ನೆನಪಾಗುತ್ತದೆ. ಕನ್ನಡಕ ಒರೆಸಿದ ಮೇಲೆ ಕಾಫಿ, ಕಾಫಿಯ ಮೇಲೆ ನಿದ್ದೆ. ಹೀಗೆ ಮುಂದೂಡುತ್ತ ಮುದುಕನಾದೆ. ಹೈಸ್ಕೂಲು ಓದಿದವನಿಗೆ ‘ಗೊತ್ತಿಲ್ಲ’ ಎನ್ನುವುದು ಬಲು ಕಷ್ಟ. ಐವತ್ತರ ದಶಕದ ರಾಜಾಜಿನಗರದಲ್ಲಿ, ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದ ಕಾಲದಲ್ಲಿ, ನಮ್ಮ ಬಂಧುಬಳಗಕ್ಕೆಲ್ಲ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಔಷಧಿ ಬಾಟಲಿಯ ಚೀಟಿಯಿಂದ ಹಿಡಿದು ಮೋಟಾರು ಕಾರಿನ ಪುಸ್ತಕದವರೆಗೆ ನನ್ನ ಮಾತೇ ಕೊನೆಯದು. ಓಡಿಸಲು ಮಾತ್ರ ನನಗೆ ಸೈಕಲ್ಲೂ ಬರುತ್ತಿರಲಿಲ್ಲ.

ಚಿಕ್ಕಪ್ಪನ ಮಗಳ ಮದುವೆ ಬಂತು. ಗಂಡನ್ನು ದೇವಸ್ಥಾನದಿಂದ ಚಪ್ಪರದವರೆಗೆ ಮೆರವಣಿಗೆಯಲ್ಲಿ ಕರೆತರಲು ಎರಡು ಕಾರು ಸಿಕ್ಕಿದವು. ಒಂದು ನನ್ನ ಪರಿಚಯದ ಕಂಟ್ರಾಕ್ಟರೊಬ್ಬರ ಆಸ್ಟಿನ್. ಇನ್ನೊಂದು ಮಾಗಡಿ ರಸ್ತೆಯ ಮೂಲೆಯಲ್ಲಿ ಬಾಡಿಗೆಗೆ ನಿಲ್ಲುತ್ತಿದ್ದ ಹಿರಿಯ ಡ್ರೈವರೊಬ್ಬರ ಮಾರಿಸ್ ಮೈನರ್. ಮದುವೆಯ ಬಾಡಿಗೆಗಳೇ ಅವರ ಸಂಸಾರಕ್ಕೆ ಆಧಾರ. ಗಂಡು ಯಾವುದರಲ್ಲಿ ಕೂರಬೇಕು? ನಾನು ಪುಸ್ತಕ ತೆರೆದು, “ಆಸ್ಟಿನ್ನಿಗೆ ನಲವತ್ತು ಕುದುರೆ ಶಕ್ತಿ, ಸಾವಿರದ ಇನ್ನೂರು ಸಿ.ಸಿ. ಮಾರಿಸ್ಸಿಗೆ ಬರೀ ಇಪ್ಪತ್ತೇಳು ಕುದುರೆ” ಎಂದು ಘೋಷಿಸಿದೆ. ಒಂದು ಗ್ಯಾಲನ್ನಿಗೆ ಮಾರಿಸ್ಸೇ ಹೆಚ್ಚು ಮೈಲಿ ಓಡುತ್ತದೆಂಬ ಸಾಲನ್ನು ನುಂಗಿಕೊಂಡೆ.

“ಲೋ, ನಮ್ಮಪ್ಪ ಒಂದೇ ಕುದ್ರೆ ಮೇಲೆ ಮದ್ವೆಗೆ ಬಂದಿದ್ದು ಕಣೋ. ವಾಲಗದೋರ ಹಿಂದೆ ತೆವಳೋ ಗಾಡಿಗೆ ನಲವತ್ತು ಯಾಕೋ?” ಎಂದರು ಚಿಕ್ಕಪ್ಪ. ಆ ವಿವೇಕ ಪುಸ್ತಕದಲ್ಲಿರಲಿಲ್ಲ. ಆಸ್ಟಿನ್ನಿನ ಮುಂದಿನ ಸೀಟಿನಲ್ಲಿ ನನಗೂ ಜಾಗವಿತ್ತೆಂಬುದನ್ನು ನಾನೂ ಹೇಳಲಿಲ್ಲ. ಆಸ್ಟಿನ್ ಗೆದ್ದಿತು. ಮಾರಿಸ್ಸಿಗೆ ಹೆಂಗಸರನ್ನು ಕೂರಿಸಿಕೊಂಡು ಹಿಂದೆ ಬರುವ ಕೆಲಸ.

ಮೆರವಣಿಗೆಯ ಸಂಜೆ ನಾನೇ ನಿಂತು ಆಸ್ಟಿನ್ನಿನ ಮೂತಿಗೆ ಮಲ್ಲಿಗೆ, ಸೇವಂತಿಗೆಯ ದಟ್ಟ ಪರದೆ ಕಟ್ಟಿಸಿದೆ. ಮಾರಿಸ್ಸಿನ ಡ್ರೈವರು ಬಾನೆಟ್ಟಿನ ಬಳಿ ಬಂದು ಬಗ್ಗಿ ನೋಡಿ, “ಸಾರ್, ಜಾಲರಿ ಮುಚ್ಬೇಡಿ. ಗಾಳಿ ಆಡ್ದಿದ್ರೆ ಎಂಜಿನ್ ಕುದಿಯುತ್ತೆ” ಎಂದು ಮೆಲ್ಲಗೆ ಹೇಳಿದರು.

“ಪುಸ್ತಕ ಓದಿದೀರಾ ನೀವು?” ಎಂದೆ.

“ಇಲ್ಲ ಸಾರ್, ಗಾಡಿ ಓಡ್ಸಿದೀನಿ.”

ವಾಲಗದವರು ಎರಡು ಹೆಜ್ಜೆಗೊಮ್ಮೆ ನಿಂತು ನುಡಿಸುವವರು. ಮೂರನೆಯ ಅಡ್ಡರಸ್ತೆಗೆ ಬರುವಷ್ಟರಲ್ಲಿ ನಲವತ್ತು ಕುದುರೆಗಳೂ ಒಟ್ಟಿಗೆ ಬುಸುಗುಟ್ಟಿದವು. ಪರದೆಯಿಂದ ಹಬೆ ಎದ್ದು ಬೀದಿಯೆಲ್ಲ ಸೊಪ್ಪು ಬೇಯಿಸಿದ ವಾಸನೆ. ಗಾಬರಿಯಲ್ಲಿ ಕೆಳಗೆ ಹಾರಿದ ಗಂಡಿನ ಪೇಟ ಚರಂಡಿ ಸೇರಿತು.

“ಏನೋ ಇದು, ಬೃಹಸ್ಪತಿ?” ಎಂದು ಚಿಕ್ಕಪ್ಪ ನನ್ನತ್ತ ತಿರುಗಿದರು. ಬೀಗರೆಲ್ಲ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇದು: “ಆಗ್ಲೇ ಆ ಮಾರಿಸ್ಸಿನವನು ಬಾನೆಟ್ ಹತ್ರ ಬಗ್ಗಿ ಏನೋ ಮಾಡ್ತಿದ್ದ. ಹೊಟ್ಟೆಕಿಚ್ಚು!”

ಹೈಸ್ಕೂಲು ಓದಿದವನ ಮಾತು; ಎಲ್ಲರೂ ನಂಬಿದರು. ಮಾರಿಸ್ಸಿನ ಡ್ರೈವರು ನನ್ನನ್ನೊಮ್ಮೆ ನೋಡಿದರು. ಹೆಂಗಸರನ್ನು ಇಳಿಸಿ, ಗಂಡನ್ನು ಹತ್ತಿಸಿಕೊಂಡು, ಇಪ್ಪತ್ತೇಳು ಕುದುರೆಗಳನ್ನು ವಾಲಗದ ತಾಳಕ್ಕೆ ನಡೆಸುತ್ತ ಚಪ್ಪರ ಮುಟ್ಟಿಸಿದರು. ಊಟಕ್ಕೆ ಅವರನ್ನು ಯಾರೂ ಕರೆಯಲಿಲ್ಲ.

ಆಮೇಲೆ ನಮ್ಮ ಕಡೆಯ ಯಾವ ಮದುವೆಗೂ ಕರೆಯಲಿಲ್ಲ. ಒಂದು ದಿನ ಆ ಮೂಲೆಯಲ್ಲಿ ಮಾರಿಸ್ ಇರಲಿಲ್ಲ. ಎಲ್ಲಿ ಹೋದರೆಂದು ನಾನು ವಿಚಾರಿಸಲೂ ಇಲ್ಲ, ಯಾರಾದರೂ ಹೇಳಿಬಿಟ್ಟಾರೆಂಬ ಭಯ. ಎರಡೂ ಕಾರುಗಳ ಸಿ.ಸಿ., ಕುದುರೆ, ಮೈಲಿ ಇವತ್ತಿಗೂ ನನಗೆ ಬಾಯಿಪಾಠ. ಕೇಳಿದವರಿಗೂ ಕೇಳದವರಿಗೂ ಒಪ್ಪಿಸುತ್ತೇನೆ. ಇಷ್ಟು ವರ್ಷ ಬಾಯಿಗೆ ಬಾರದೆ ಉಳಿದದ್ದು ಆ ಡ್ರೈವರ ಹೆಸರೊಂದೇ. ಮುನಿವೆಂಕಟಪ್ಪ.