ಮಣ್ಣಿನ ಬೆನ್ನು ಹತ್ತಿ ಕೊರಿಯಾಕ್ಕೆ ಹೋದ ಮಾಮ

ನಮ್ಮ ಮಾಮನನ್ನು ಕೇಳಿದರೆ ಕೊರಿಯಾ ದೇಶ ಇರುವುದು ಸಂಡೂರಿನಿಂದ ಸ್ವಲ್ಪ ಮುಂದೆ! ಅದಿರಿನ ಲಾರಿ ಸಂಡೂರಿನಲ್ಲಿ ತುಂಬುತ್ತದೆ, ಬಂದರಿನಲ್ಲಿ ಖಾಲಿಯಾಗುತ್ತದೆ, ಹಡಗು ಹೊರಡುತ್ತದೆ, ಕೊರಿಯಾ ಬರುತ್ತದೆ. ನಡುವೆ ಸಮುದ್ರ ಇದೆಯೆಂಬುದು ಅವನಿಗೆ ಗೊತ್ತಿತ್ತು. ಆದರೆ ಅದು ತುಂಗಭದ್ರಾ ಡ್ಯಾಮಿನ ಹಿನ್ನೀರಿಗಿಂತ ದೊಡ್ಡದು ಅಂತ ಅವನು ಕೊನೆಯವರೆಗೂ ಒಪ್ಪಲಿಲ್ಲ.

ಮಾಮ ಎಂದರೆ ನಮ್ಮವ್ವನ ತಮ್ಮ. ಅದಿರಿನ ಸುಗ್ಗಿಯಲ್ಲಿ ರಾತ್ರೋರಾತ್ರಿ ಸಾಹುಕಾರರಾದರಲ್ಲ, ಆ ಪೈಕಿ ಒಬ್ಬ. ನಾನು ಹೊಸಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮೂರು ಪಾಪಿನಾಯಕನಹಳ್ಳಿಯಲ್ಲಿ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದರೆ, ಅದಿರಿನ ಧೂಳಿಗೆ ಹೊಸಪೇಟೆಯಲ್ಲಿ ಕಾವಿ ತೊಟ್ಟ ಸ್ವಾಮಿಯಾಗಿ ಇಳಿಯುತ್ತಿದ್ದೆ! ನಮ್ಮೂರಿನ ಎಮ್ಮೆಗಳು ಕೆಂಪಗಾಗಿದ್ದವು, ಬೇವಿನ ಮರ ಕೆಂಪಗಾಗಿತ್ತು, ಉಗುಳಿದರೆ ಎಲೆ ಅಡಿಕೆ ಹಾಕದವರೂ ಕೆಂಪಗೆ ಉಗುಳುತ್ತಿದ್ದರು. ಆ ಕೆಂಪಿಗೆ ಆಗ ಅಭಿವೃದ್ಧಿ ಎಂದು ಹೆಸರಿತ್ತು.

ಹೆದ್ದಾರಿಗೆ ಹತ್ತಿದಂತೆ ತಾತನ ಜೋಳದ ಹೊಲವಿತ್ತು. ಮಾಮ ತಾತನನ್ನು ಒಂದು ಮಾತೂ ಕೇಳದೆ ಅದನ್ನು ಅದಿರು ರಾಶಿ ಹಾಕುವವರಿಗೆ ಕೊಟ್ಟುಬಿಟ್ಟ. ತೆನೆಯಲ್ಲಿ ಹಾಲುಗಾಳು ತುಂಬಿತ್ತು, ಅದರ ಮೇಲೆಯೇ ಲಾರಿ ಬಿಟ್ಟರು. ಮಾಮ ಹೊಸಪೇಟೆಯಲ್ಲಿ ಬಂಗಲೆ ಕಟ್ಟಿಸಿದ. ತಾತ ಅಲ್ಲಿ ಇರಲು ಹೋಗದೆ ಮಗಳ ಮನೆಯಲ್ಲಿ, ಎಂದರೆ ನಮ್ಮಲ್ಲಿ ಉಳಿದ. ಮಗನೊಂದಿಗೆ ಮಾತು ಬಿಟ್ಟ. ಹೊಲಕ್ಕಾಗಿಯೇ ಮಾತು ಬಿಟ್ಟದ್ದೆಂದು ಊರೆಲ್ಲ ತಿಳಿದಿತ್ತು, ನಾನೂ ಹಾಗೇ ತಿಳಿದಿದ್ದೆ.

ಮಾಮ ಬಂದರೆ ತಾತ ಗೋಡೆ ಕಡೆ ತಿರುಗಿ ಕೂರುತ್ತಿದ್ದ. ಮಾಮನಿಗೆ ಅದರಿಂದ ಏನೂ ಅಡ್ಡಿಯಿರಲಿಲ್ಲ. "ಅಕ್ಕಾ, ಗ್ವಾಡಿಗೇ ಹೇಳ್ತೀನಿ, ಹೊಸಾ ಕಾರು ತಗಂಡೀನಿ ಅಂತ" ಎಂದು ಗೋಡೆಗೆ ಸುದ್ದಿ ಹೇಳಿ ಹೋಗುತ್ತಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡುತ್ತಿದ್ದ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಆ ನೋಟವನ್ನೂ ನಾಟಕ ಅಂದುಕೊಳ್ಳುತ್ತಿದ್ದೆ.

ಅಂಥವನಿಗೆ ಒಂದು ಬೇಸಿಗೆಯಲ್ಲಿ ಕೊರಿಯಾ ನೋಡುವ ಹುಕಿ ಬಂತು.

"ಅಲ್ಲೋ ಮಾಮಾ, ಎಲ್ಲಾರೂ ಚೀನಾಕ್ಕ ಹೋಗ್ತಾರ. ನೀನ್ಯಾಕ ಕೊರಿಯಾ?"

"ಅದಕ್ಕಲೇ! ಚೀನಾಕ್ಕ ಟೈರ್ ಪಂಚರ್ ಹಾಕೋನೂ ಹೋಗಿ ಬಂದಾನ. ನಮ್ಮ ಮಣ್ಣು ಕೊರಿಯಾಕ್ಕೂ ಹೋಗೈತಿ. ಮಗಳನ್ನ ಕೊಟ್ಟ ಮ್ಯಾಲೆ ಬೀಗರ ಮನೀ ನೋಡಿ ಬರಬ್ಯಾಡೇನು?"

ಕೇಳಿದಿರಾ! ಮಗಳನ್ನು ಮಾರಿ ಬಂದವನ ಮಾತು! ನನ್ನನ್ನು ಇಂಗ್ಲಿಷಿಗೆಂದು ಕರೆದುಕೊಂಡು ಹೋದ. ಪುಕ್ಕಟೆ ವಿಮಾನ ಅಂದರೆ ಸಿಟ್ಟೂ ಸ್ವಲ್ಪ ತಗ್ಗುತ್ತದೆ, ಏನು ಮಾಡುವುದು.

ಅಲ್ಲಿ ಗೈಡ್ ಹುಡುಗಿಯನ್ನು ಬಿಟ್ಟರೆ ಬೇರೆಲ್ಲೂ ನನ್ನ ಇಂಗ್ಲಿಷ್ ಮೂರು ಕಾಸಿನ ಉಪಯೋಗಕ್ಕೆ ಬರಲಿಲ್ಲ. ಮಾಮನ ಕನ್ನಡ ಮಾತ್ರ ಎಲ್ಲೆಡೆ ಓಡಿತು! ರಾಜಧಾನಿ ಸೋಲ್ ನಗರದ ಸಂತೆಯಲ್ಲಿ ಹಿಂದಿನಿಂದ ಒಂದು ಮಗು "ಅಪ್ಪಾ!" ಎಂದು ಕೂಗಿತು. ಮಾಮ ತಟ್ಟನೆ ತಿರುಗಿ "ಯಾಕಲೇ ತಮ್ಮಾ?" ಎಂದ. ಮಗು ಕರೆದದ್ದು ತನ್ನ ಅಪ್ಪನನ್ನು. ಅವರಲ್ಲೂ ಅಪ್ಪನಿಗೆ ಅಪ್ಪ ಎಂದೇ ಅನ್ನುತ್ತಾರೆಂದು ನಮ್ಮ ಗೈಡ್ ಹುಡುಗಿ ತಿಳಿಸಿದಳು. ಮುಗಿಯಿತು! ಸಂಜೆಯ ಹೊತ್ತಿಗೆ ಮಾಮನ ಸಂಶೋಧನೆ ಸಿದ್ಧವಾಗಿತ್ತು.

"ಇವ್ರು ಹಂಪಿ ಹಾಳಾದಾಗ ಓಡಿ ಬಂದೋರಲೇ. ನೋಡು ಬೇಕಾದ್ರ, ಚಪ್ಪಲಿ ಹೊರಗ ಬಿಡ್ತಾರ, ಕೆಳಗ ಕುಂತು ಉಣ್ತಾರ, ಖಾರ ತಿಂತಾರ. ಎಲ್ಲಾ ನಮ್ಮೋರ!"

ಹಂಪಿಯ ಪಕ್ಕದಲ್ಲೇ ಹುಟ್ಟಿ ಅದನ್ನು ಕಂಪ್ಲಿ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ ಮಹಾನುಭಾವನ ಇತಿಹಾಸ ಇದು. ಮಾರನೆಯ ದಿನ ಅರಮನೆಯಲ್ಲಿ ಬಾಡಿಗೆಗೆ ಸಿಗುವ ರೇಷ್ಮೆಯ ನಿಲುವಂಗಿ ತೊಟ್ಟು, ತಲೆಗೆ ಜರಡಿಯಂಥ ಕರಿ ಟೋಪಿ ಇಟ್ಟು ಫೋಟೋ ತೆಗೆಸಿಕೊಂಡ. ಆ ಅರಮನೆಯನ್ನು ಹಿಂದೆ ಶತ್ರುಗಳು ಸುಟ್ಟು ಕೆಡವಿದ್ದರು, ಈಗ ಒಂದೊಂದೇ ಕಟ್ಟಡವನ್ನು ಮೊದಲಿದ್ದಂತೆ ಕಟ್ಟುತ್ತಿದ್ದೇವೆ ಎಂದಳು ಗೈಡ್. ಮಾಮ ನನ್ನ ಕಿವಿಯಲ್ಲಿ, "ಹಾಳಾದದ್ದನ್ನ ತಿರಗಾ ಕಟ್ಟಾಕತ್ತಾರಂತ. ಇವ್ರಿಗೆ ಬ್ಯಾರೆ ಕೆಲಸ ಇಲ್ಲೇನು?" ಎಂದ. "ನಮಗ ಐತಲ್ಲ ಮಾಮಾ, ನೆಟ್ಟಗಿರೋ ಗುಡ್ಡ ಹಾಳು ಮಾಡೋದು" ಎಂದೆ. ಅವನು ಟೋಪಿ ಸರಿಮಾಡಿಕೊಂಡ.

ಉಳಿದುಕೊಂಡ ಮನೆಯಲ್ಲಿ ನೆಲವೇ ಬೆಚ್ಚಗಿರುತ್ತಿತ್ತು. ನಮ್ಮ ಬೇಸಿಗೆಯಲ್ಲೂ ರಾತ್ರಿ ಚಳಿ ಬಿಡದ ಆ ದೇಶದಲ್ಲಿ ನೆಲದಡಿ ಬಿಸಿ ಹಾಯಿಸುವ ಏರ್ಪಾಡಂತೆ. ಮಾಮ ಮಲಗಿ ಹೊರಳಾಡಿ, ತನ್ನ ಬಂಗಲೆಗೂ ಇದನ್ನು ಹಾಕಿಸುವುದೇ ಸರಿ ಎಂದು ತೀರ್ಮಾನಿಸಿದ. ಹೊಸಪೇಟೆಯ ಮೇ ತಿಂಗಳಲ್ಲಿ ನೆಲಕ್ಕೆ ಬಿಸಿ! ಹಾಕಿಸು ಮಾಮಾ, ರೊಟ್ಟಿಗೆ ಹಂಚು ಬೇಕಾಗುವುದಿಲ್ಲ ಎಂದೆ.

ಅವನನ್ನು ಬಗ್ಗಿಸಿದ್ದು ಹೊಟ್ಟೆ. ನಮ್ಮದು ಲಿಂಗ ಕಟ್ಟಿದ ಮನೆತನ, ಮೀನು ಮಾಂಸದ ಮಾತೇ ಇಲ್ಲ. ಅಲ್ಲಿ ಸೊಪ್ಪಿನ ಸಾರಿನಲ್ಲೂ ಮೀನು ಬಚ್ಚಿಟ್ಟುಕೊಂಡಿರುತ್ತಿತ್ತು. ತಂದ ರೊಟ್ಟಿ, ಶೇಂಗಾ ಚಟ್ನಿ ಮುಗಿದ ಮೇಲೆ ಮಾಮ ಬಾಳೆಹಣ್ಣು ತಿಂದುಕೊಂಡು ಬಾಡಿಹೋದ. ಗೈಡ್ ಹುಡುಗಿ ಮರುಗಿ, ಬೆಟ್ಟದ ಮೇಲಿನ ಬೌದ್ಧರ ಮಠವೊಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಬರೀ ಸೊಪ್ಪು, ಕಾಯಿಪಲ್ಯ. ದಾರಿಯುದ್ದಕ್ಕೂ ದಟ್ಟ ಹಸಿರು ಬೆಟ್ಟಗಳು. ಮಾಮ ಕಿಟಕಿಯಿಂದ ನೋಡಿ ನೋಡಿ ಕಡೆಗೆ ಬಾಯಿಬಿಟ್ಟ: "ಈ ಗುಡ್ಡ ಯಾರ ಲೀಸಿನಾಗೈತಿ ಕೇಳಲೇ!"

ಮಠದಲ್ಲಿ ಸಾಲಾಗಿ ಚಾಪೆಯ ಮೇಲೆ ಕೂರಿಸಿ, ಮರದ ಬಟ್ಟಲುಗಳಲ್ಲಿ ಅನ್ನ, ಸಾರು, ಪಲ್ಯ ಬಡಿಸಿದರು. ಉಣ್ಣುವಾಗ ಯಾರೂ ಮಾತಾಡುವಂತಿಲ್ಲ. ಮಾಮ ಸುಮ್ಮನೆ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಊಟ ಮುಗಿಯಿತು. ಎದುರಿಗಿದ್ದ ಮುದುಕ ಸನ್ಯಾಸಿ ಬಟ್ಟಲಿಗೆ ನೀರು ಹಾಕಿಕೊಂಡ. ಒಂದು ತುಂಡು ಮೂಲಂಗಿಯಿಂದ ಬಟ್ಟಲನ್ನು ಸುತ್ತ ಉಜ್ಜಿದ. ಒಂದಗಳೂ ಉಳಿಯದಂತೆ ತೊಳೆದು, ಎರಡೂ ಕೈಯಲ್ಲಿ ಎತ್ತಿ, ಆ ನೀರನ್ನು ಕುಡಿದುಬಿಟ್ಟ.

ನಾನು ಮಾಮನ ಕಡೆ ನೋಡಿದೆ. ಅವನ ಮುಖ ಬಿಳಿಚಿಕೊಂಡಿತ್ತು.

ನಮ್ಮ ತಾತ ದಿನಾ ಮಾಡುವುದು ಅದನ್ನೇ! ಉಂಡದ್ದು ಪ್ರಸಾದ, ಒಂದಗಳನ್ನೂ ಚೆಲ್ಲಬಾರದೆಂದು ತಟ್ಟೆ ತೊಳೆದು ನೀರು ಕುಡಿಯುವವನು ಅವನು. ಮಾಮನೂ ಬಟ್ಟಲು ತೊಳೆದು ಕುಡಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಹೇಳಿದ:

"ಹೊಲ ಹೋದಾಗ ಅಪ್ಪ ಭಾಳ ಬೈದಿದ್ದಲೇ. ಆದ್ರ ಮಾತು ಬಿಟ್ಟಿದ್ದಿಲ್ಲ. ಮಾತು ಬಿಟ್ಟಿದ್ದು ನಮ್ಮನೀ ಗೃಹಪ್ರವೇಶದ ದಿನ. ದೊಡ್ಡ ದೊಡ್ಡ ಮಂದಿ ಉಣ್ಣಾಕ ಕುಂತಿದ್ರು. ಅಪ್ಪ ತಟ್ಟಿ ತೊಳದು ಎತ್ತಿದ. ನಾನು ಅವನ ಕೈ ಹಿಡದು, 'ಕೆಳಗಿಡು, ಮಂದಿ ನೋಡಾಕತ್ತಾರ, ನಾಚಿಗ್ಗೇಡು' ಅಂದೆ. ಇಟ್ಟ. ಎದ್ದು ನಡಕೋಂತ ಬಸ್‌ಸ್ಟ್ಯಾಂಡಿಗೆ ಹೋದ."

ನನಗೆ ಸಮಾಧಾನ ಹೇಳಬೇಕು ಅನಿಸಲಿಲ್ಲ. ತಕ್ಕ ಶಾಸ್ತಿಯಾಯಿತು ಅನಿಸಿತು. ಹಾಗೆ ಅನಿಸಿದ್ದಕ್ಕೆ ಈಗಲೂ ನನಗೆ ಬೇಸರವಿಲ್ಲ.

ಊರಿಗೆ ಬಂದ ದಿನ ಮಾಮ ಬಂಗಲೆಗೆ ಹೋಗದೆ ನೆಟ್ಟಗೆ ನಮ್ಮ ಮನೆಗೆ ಬಂದ. ಮಧ್ಯಾಹ್ನದ ಊಟದ ಹೊತ್ತು. ತಾತ ಉಂಡು ಮುಗಿಸಿ ಮೂಲೆಯಲ್ಲಿ ಕುಳಿತಿದ್ದವನು ಮಗನನ್ನು ಕಂಡು ಗೋಡೆಗೆ ತಿರುಗಿದ. "ಅಕ್ಕಾ, ರೊಟ್ಟಿ ಹಾಕು" ಎಂದು ಮಾಮ ನೆಲದ ಮೇಲೆ ಕುಳಿತ. ಗೋಡೆಗೆ ಒಂದು ಸುದ್ದಿಯೂ ಹೇಳಲಿಲ್ಲ. ರೊಟ್ಟಿ, ಹಿಟ್ಟಿನ ಪಲ್ಯ ಉಂಡು, ತಟ್ಟೆಗೆ ಚೊಂಬಿನ ನೀರು ಸುರಿದುಕೊಂಡು ಬೆರಳಿನಿಂದ ಸುತ್ತ ತೊಳೆಯತೊಡಗಿದ. ಆ ಸದ್ದಿಗೆ ತಾತನ ಕತ್ತು ಸ್ವಲ್ಪ ಈಚೆ ತಿರುಗಿತು.

ನೀರು ಕೆಂಪಗಾಯಿತು. ನಮ್ಮವ್ವ ಎಷ್ಟು ಒರೆಸಿದರೂ ನಮ್ಮೂರಿನ ತಟ್ಟೆ, ಚೊಂಬು, ಕೊಡಗಳ ಮೇಲೆ ಆ ಧೂಳು ಕೂತೇ ಇರುತ್ತಿತ್ತು. ಹೊಲ ತುಳಿದ ಲಾರಿಗಳದೇ ಧೂಳು. ಮಾಮ ಅದನ್ನು ನೋಡಿದ. ಆದರೂ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಬಾಯಿಯ ಹತ್ತಿರ ತಂದ.

"ಬ್ಯಾಡಲೇ."

ವರ್ಷಗಳಾಗಿದ್ದವು ತಾತ ಮಗನ ಜೊತೆ ಒಂದು ಮಾತಾಡಿ. ಗೋಡೆ ಹಿಡಿದು ಎದ್ದು ಬಂದು, ಮಾಮನ ಪಕ್ಕದಲ್ಲಿ ಮೊಣಕಾಲೂರಿ ಕುಳಿತ.

"ಧೂಳೈತಿ, ಕುಡೀಬ್ಯಾಡ. ಎದಿಗೆ ಆಗಂಗಿಲ್ಲ."

"ನೀ ದಿನಾ ಕುಡೀತಿಯಲ್ಲಪ್ಪಾ" ಎಂದ ಮಾಮ.

"ನನಗ ರೂಢಿಯಾಗೈತಿ. ತಾ ಇಲ್ಲಿ" ಎಂದು ತಾತ ಮಗನ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ಕುಡಿದುಬಿಟ್ಟ.