ಹಾಡಿನ ಶೆಡ್ಡಿಗೆ ಬೆಲ್ಲದ ಗೋಣಿ

ಆ ಭಾನುವಾರ ಎಂದಿನಂತೆಯೇ ಇತ್ತು. ಕೆ.ಜಿ.ಎಫ್.ನಲ್ಲಿ ಗಣಿ ಕಂಪನಿ ಕೊಟ್ಟಿದ್ದ ನಮ್ಮ ಲೈನ್‌ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನನ್ನ ಹೆಂಡತಿ ರುಕ್ಮಿಣಿ ಹಾರ್ಮೋನಿಯಂ ನುಡಿಸಿ ಹಾಡಿದಳು. ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟರ ಮಗಳು ಅವಳು. ಚಾಪೆ ತುಂಬ ಜನ ಕೂತು ತಲೆದೂಗಿದರು. ನಾನು ಟೀ ಹಂಚಿದೆ. ಆ ಶೆಡ್ಡಿಗೆ ನನ್ನಿಂದ ಅಪಾಯವಿಲ್ಲದ ಸೇವೆ ನಡೆದದ್ದು ಅದೇ ಕೊನೆ!

ಮಾರನೆಯ ದಿನ ಪಕ್ಕದ ಮನೆಯ ಪೆರುಮಾಳ್, ಹಾಡಿನಿಂದ ನಿದ್ದೆ ಕೆಡುತ್ತದೆಂದು ದೂರು ಕೊಟ್ಟ. ರಾತ್ರಿ ಪಾಳಿಯಲ್ಲಿ ಗಣಿಗಿಳಿದು ಬಂದು ಹಗಲು ಮಲಗುವವನು; ಅವನ ತಪ್ಪೇನಿಲ್ಲ. ಲೈನ್‌ಮನೆಗಳ ಇನ್ಸ್‌ಪೆಕ್ಟರು ತೀರ್ಪಿತ್ತರು: "ಭಾನುವಾರ ನಾನೇ ಬಂದು ಕೂತ್ಕೋತೀನಿ. ಆಯಮ್ಮ ಮೂರು ಹಾಡು ಹಾಡ್ಲಿ. ಪೆರುಮಾಳ್ ಎದ್ದರೆ ಶೆಡ್ಡಿಗೆ ಬೀಗ."

ರುಕ್ಮಿಣಿಗೆ ಊಟ ಸೇರಲಿಲ್ಲ. ಗೋಡೆಗೆ ಗೋಣಿ ಹೊದಿಸಿದರೆ ಸದ್ದು ಹೊರಹೋಗದು ಎಂಬ ಘನ ಸಿದ್ಧಾಂತವನ್ನು ನಾನು ಮಂಡಿಸಿದೆ. ಬಂಗಾರಪೇಟೆಯ ಮಂಡಿಯಿಂದ ಹಳೆಯ ಚೀಲಗಳನ್ನು ರೈಲಿನಲ್ಲಿ ಹೊತ್ತು ತಂದೆ.

"ಬೆಲ್ಲದ ಚೀಲ ಕಣ್ರೀ ಇವು! ಒಗೀದೆ ತಗಲಾಕ್ಬೇಡಿ."

"ಒಗೆದ್ರೆ ತೆಳ್ಳಗಾಯ್ತವೆ. ಸದ್ದಿನ ಇಚಾರ ನಿಂಗೇನು ಗೊತ್ತು?"

ಹಾರ್ಮೋನಿಯಂ ಮೇಷ್ಟರ ಮಗಳಿಗೆ ನಾನಾಡಿದ ಮಾತು!

ಭಾನುವಾರ ಇನ್ಸ್‌ಪೆಕ್ಟರು ಬಂದು, ನಾನು ಒಗೆಯದೆ ತಗಲಿಸಿದ್ದ ಗೋಣಿಗೇ ಒರಗಿ ಕೂತರು. ಮೊದಲ ಹಾಡು ಮುಗಿಯಿತು. ಕಿಟಕಿಯಿಂದ ನೋಡಿದೆ, ಪೆರುಮಾಳ್ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಎರಡನೆಯದೂ ಮುಗಿಯಿತು. ಆಗ ಇನ್ಸ್‌ಪೆಕ್ಟರು ಬೆನ್ನು ಕೆರೆದುಕೊಂಡರು.

ಕೆಂಪಿರುವೆ!

ಗೋಣಿಯಿಂದ ಚಾಪೆಗೆ, ಚಾಪೆಯಿಂದ ರುಕ್ಮಿಣಿಯ ಸೆರಗಿಗೆ ಸಾಲು ಹೊರಟಿತ್ತು. ಅವಳ ಕಣ್ಣಲ್ಲಿ ನೀರು ಬಂತು. ದನಿ ಮಾತ್ರ ಅಲುಗಲಿಲ್ಲ. ಮೂರನೆಯ ಹಾಡು ಇನ್ನೇನು ಮುಗಿಯಬೇಕು, ಒಂದು ಇರುವೆ ನನ್ನ ಅಂಗಿಯೊಳಗೆ ಹೊಕ್ಕಿತು.

"ಅಯ್ಯಯ್ಯಮ್ಮಾ!"

ಪೆರುಮಾಳ್ ಲುಂಗಿ ಹಿಡಿದುಕೊಂಡು ಓಡಿಬಂದ. "ಐಯೋ, ಎನ್ನ ಆಚ್ಚು? ಗಣಿ ಕುಸಿದೋಯ್ತಾ?"

ಇನ್ಸ್‌ಪೆಕ್ಟರು ಎದ್ದು ಕೊಡವಿಕೊಳ್ಳುತ್ತಲೇ ವಿಚಾರಣೆ ನಡೆಸಿದರು. "ಹಾಡಿಗೆ ಎದ್ದೆಯೇನಯ್ಯಾ?"

"ಇಲ್ಲ ಸಾರ್. ಈ ಮನುಷ್ಯನ ಕೂಗಿಗೆ."

"ಹಂಗಾದ್ರೆ ಹಾಡು ನಡೀಲಿ. ಈಯಪ್ಪ ಮಾತ್ರ ಆಚೆ ಇರ್ಲಿ!"

ವಾರದಲ್ಲಿ ಮೊದಲ ಸಲ ರುಕ್ಮಿಣಿ ನಕ್ಕಳು. "ಆಚೆ ಕೂತ್ಕೊಂಡು ಗೋಣಿ ಒಗೀರಿ."

ಒಗೆದು ಮತ್ತೆ ಗೋಡೆಗೆ ತಗಲಿಸಿದೆ. ಅಂದಿನಿಂದ ಪ್ರತಿ ಭಾನುವಾರ ಶೆಡ್ಡಿನ ಮೆಟ್ಟಿಲ ಮೇಲೆ ಕೂತೇ ಕೇಳಿದೆ. ನನ್ನ ಗೋಣಿಯ ಕೆಲಸ ಎಷ್ಟು ಅಚ್ಚುಕಟ್ಟೆಂದರೆ, ಅರ್ಧ ಹಾಡೂ ಹೊರಗೆ ಬರುತ್ತಿರಲಿಲ್ಲ!

ಹೋದ ವರ್ಷ ಅವಳು ತೀರಿಕೊಂಡಳು. ಈಗ ನಾನು ಒಳಗೆ ಕೂತರೆ ಬೇಡವೆನ್ನುವವರು ಯಾರೂ ಇಲ್ಲ. ಹಾಡೂ ಇಲ್ಲ.